ದೂರದ ಪ್ಯಾಥಾಲಜಿಸ್ಟ್‌ಗೆ ಸ್ಲೈಡ್ ತೋರಿಸುವುದು ಹೇಗೆ: ತಾಲ್ಲೂಕು ಆಸ್ಪತ್ರೆಗಳಿಗೆ ಸಮಗ್ರ ಮಾರ್ಗದರ್ಶಿ

ಜಗಳೂರು, ಮೊಳಕಾಲ್ಮೂರು, ಹೊಸದುರ್ಗದಂಥ ಊರಲ್ಲಿ ಗಂಟು ತೆಗೆಯುವ ಸರ್ಜನ್ ಸಿಗಬಹುದು. ತೆಗೆದ ಗಂಟು ಏನು ಅಂತ ಹೇಳುವ ಪ್ಯಾಥಾಲಜಿಸ್ಟ್ ಸಿಗುವುದು ಕಷ್ಟ. ಹಾಗಾಗಿ ಡಬ್ಬಿ ಬಸ್ಸು ಹತ್ತುತ್ತದೆ. ದಾವಣಗೆರೆಗೋ, ಚಿತ್ರದುರ್ಗಕ್ಕೋ, ಕೆಲವೊಮ್ಮೆ ಬೆಂಗಳೂರಿನ ಕಿದ್ವಾಯಿಗೋ ಬರುತ್ತದೆ. ರೋಗಿಯ ಮಗನೇ ಕೈಚೀಲದಲ್ಲಿಟ್ಟುಕೊಂಡು ತರುವುದೂ ಉಂಟು. ರಿಪೋರ್ಟ್ ವಾಪಸ್ ಹೋಗುವಷ್ಟರಲ್ಲಿ ಎಷ್ಟೋ ರೋಗಿಗಳು ಆಸ್ಪತ್ರೆ ಕಡೆ ಬರುವುದನ್ನೇ ಬಿಟ್ಟಿರುತ್ತಾರೆ.

ಸ್ಲೈಡಿನ (ಗಂಟಿನ ತೆಳು ಪದರವನ್ನೋ ಜೀವಕೋಶಗಳನ್ನೋ ಹಾಕಿ ಬಣ್ಣ ಹಚ್ಚಿದ ಗಾಜಿನ) ಚಿತ್ರವನ್ನು ನೆಟ್ ಮೂಲಕ ಕಳಿಸಿ, ದೂರದಲ್ಲಿ ಕುಳಿತವರಿಂದ ರಿಪೋರ್ಟ್ ತರಿಸಿಕೊಳ್ಳುವುದು ಇದಕ್ಕೊಂದು ದಾರಿ. ಟೆಲಿಪ್ಯಾಥಾಲಜಿ ಅಂದರೆ ಇದೇ. ಹೊಸದೇನಲ್ಲ. 1968ರಲ್ಲೇ ಬೋಸ್ಟನ್‌ನ ಲೋಗನ್ ವಿಮಾನ ನಿಲ್ದಾಣದ ಕ್ಲಿನಿಕ್‌ನಿಂದ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಗೆ ಕಪ್ಪು-ಬಿಳುಪು ಟಿವಿಯಲ್ಲಿ ಸ್ಲೈಡ್ ತೋರಿಸಿದ್ದರು. ಈಗ ಅದಕ್ಕಿಂತ ಒಳ್ಳೆಯ ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ.

ನಾನು ದಾವಣಗೆರೆಯಲ್ಲಿ ಕುಳಿತು ಇಂಥ ಚಿತ್ರಗಳನ್ನು ಓದುವವನು. ಆ ತುದಿಯಿಂದ ನೋಡಿದಾಗ ಒಂದು ಮಾತು ಖಡಾಖಂಡಿತವಾಗಿ ಹೇಳಬಲ್ಲೆ. ನನಗೆ ಕಷ್ಟ ಕೊಡುವ ಚಿತ್ರಗಳಲ್ಲಿ ಕ್ಯಾಮೆರಾದ ತಪ್ಪು ಕಡಿಮೆ. ಕ್ಯಾಮೆರಾ ಮುಂದೆ ಬರುವ ಮೊದಲೇ ಆ ಸ್ಲೈಡ್ ಕೆಟ್ಟಿರುತ್ತದೆ. ಅದಕ್ಕೇ ಈ ಮಾರ್ಗದರ್ಶಿಯ ಅರ್ಧಭಾಗ ಡಬ್ಬಿ, ಫಾರ್ಮಲಿನ್, ಫಾರಂ ಬಗ್ಗೆಯೇ ಇದೆ. ಬೇಸರ ಮಾಡಿಕೊಳ್ಳಬೇಡಿ.

ದುಡ್ಡು ಮೊದಲು ಎಲ್ಲಿ ಹಾಕಬೇಕು

ಬಡ ದೇಶಗಳಲ್ಲಿ ಈ ಕೆಲಸ ಗಟ್ಟಿಯಾಗಿ ನಿಂತ ಕಡೆ ನೋಡಿ. ಮಲಾವಿ ದೇಶದ ಲಿಲಾಂಗ್ವೆಯಲ್ಲಿ ಕಮುಜು ಸೆಂಟ್ರಲ್ ಆಸ್ಪತ್ರೆ ಇದೆ. ಅಲ್ಲಿ 2011ರಲ್ಲಿ ಮೊದಲು ಪ್ಯಾಥಾಲಜಿ ಲ್ಯಾಬ್ ಕಟ್ಟಿದರು. ಅಲ್ಲಿಯೇ ಬ್ಲಾಕ್ (ತುಂಡನ್ನು ಮೇಣದಲ್ಲಿ ಹುದುಗಿಸಿದ ಅಚ್ಚು) ಮಾಡಿ, ಅಲ್ಲಿಯೇ ಸ್ಲೈಡ್ ಮಾಡುವುದು ಕೈಗೆ ಹತ್ತಿತು. ಆಮೇಲೆ ಸ್ಲೈಡ್‌ಗಳನ್ನು ಸ್ಕ್ಯಾನ್ ಮಾಡಿ, ಅಮೆರಿಕದ ನಾರ್ತ್ ಕೆರೊಲೈನಾದ ವೈದ್ಯರ ಜೊತೆ ವಾರಕ್ಕೊಮ್ಮೆ ಕೂತು ಚರ್ಚಿಸುವ ಪದ್ಧತಿ ಬಂತು. ಗಮನಿಸಿ, ಮಲಾವಿಯ ಪ್ಯಾಥಾಲಜಿಸ್ಟ್‌ಗಳೂ ಆ ಚರ್ಚೆಯಲ್ಲಿ ಇರುತ್ತಾರೆ. ರುವಾಂಡಾದ ಬುಟಾರೊದಲ್ಲಿ 2012ರಲ್ಲಿ ಶುರುವಾದ ಕ್ಯಾನ್ಸರ್ ಕೇಂದ್ರದ್ದೂ ಇದೇ ದಾರಿ. ಮೊದಮೊದಲು ಸ್ಯಾಂಪಲ್‌ಗಳು ಬೋಸ್ಟನ್‌ಗೆ ಹೋಗುತ್ತಿದ್ದವು. ಊರಲ್ಲೇ ಲ್ಯಾಬ್ ಗಟ್ಟಿಯಾದ ಮೇಲೆ ಚಿತ್ರಗಳು ಹೋಗತೊಡಗಿದವು.

ನಮ್ಮಲ್ಲಿ ಉಲ್ಟಾ ಆಗುತ್ತದೆ. ಯಾರೋ ದಾನಿಗಳು ಸ್ಕ್ಯಾನರ್ ಕೊಡಿಸುತ್ತೇವೆ ಅನ್ನುತ್ತಾರೆ. ಉದ್ಘಾಟನೆ ಆಗುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಬ್ಲಾಕನ್ನು ತೆಳುವಾಗಿ ಕತ್ತರಿಸುವ ಮೈಕ್ರೋಟೋಮ್‌ಗೆ ಬ್ಲೇಡ್ ತರಲು ಮಾತ್ರ ದುಡ್ಡಿರುವುದಿಲ್ಲ. ಎಐ ಸಾಫ್ಟ್‌ವೇರ್ ಮಾರಲು ಬರುವವರಿಗೆ ಒಂದು ಕಾಫಿ ಕೊಟ್ಟು ಕಳಿಸಿ. ಸದ್ಯಕ್ಕೆ ನಿಮಗೆ ಅದು ಬೇಡ.

ಪ್ರತಿ ತಾಲ್ಲೂಕಿಗೂ ಪೂರ್ತಿ ಹಿಸ್ಟೋ ಲ್ಯಾಬ್ (ತುಂಡಿನಿಂದ ಬ್ಲಾಕ್, ಸ್ಲೈಡ್ ಮಾಡುವ ಲ್ಯಾಬ್) ಬೇಕಾಗಿಲ್ಲ. ಚಳ್ಳಕೆರೆಗೋ ಹಿರಿಯೂರಿಗೋ ಒಂದು ಲ್ಯಾಬ್ ಮಾಡಿ, ಸುತ್ತಲಿನ ಊರುಗಳು ಅಲ್ಲಿಗೆ ಡಬ್ಬಿ ಕಳಿಸಿದರೆ ಸಾಕು. ಸೂಜಿ ಪರೀಕ್ಷೆ ಮಾತ್ರ ಮಾಡುವ ಆಸ್ಪತ್ರೆಗೆ ಒಂದು ಒಳ್ಳೆಯ ಮೈಕ್ರೋಸ್ಕೋಪ್, ಬಣ್ಣ, ಮತ್ತು ಕೈ ಕುದುರಿದ ಒಬ್ಬ ಟೆಕ್ನೀಷಿಯನ್ ಇದ್ದರೆ ಕೆಲಸ ಶುರು ಮಾಡಬಹುದು.

ಹಂತ 1: ಡಬ್ಬಿ ಮತ್ತು ಫಾರ್ಮಲಿನ್

ಓಟಿಯಲ್ಲಿ ಫಾರ್ಮಲಿನ್ ಮುಗಿದಿತ್ತು ಅಂತ ಸಲೈನ್‌ನಲ್ಲಿ ಹಾಕಿ ಕಳಿಸಿದ ತುಂಡು ದಾರಿಯಲ್ಲೇ ಕೊಳೆಯುತ್ತದೆ. ಆಮೇಲೆ ಯಾವ ಕ್ಯಾಮೆರಾ ಇಟ್ಟರೂ ಅದು ಸರಿಯಾಗಲ್ಲ. ಹಾಗಾಗಿ ಫಾರ್ಮಲಿನ್ ತುಂಬಿದ ಡಬ್ಬಿಗಳು ಓಟಿಯಲ್ಲಿ ಯಾವಾಗಲೂ ಸಿದ್ಧವಿರಲಿ.

ಬಾಟಲಿಯಲ್ಲಿ ಬರುವ ಗಾಢ ಫಾರ್ಮಾಲ್ಡಿಹೈಡ್ ಅನ್ನು ಹಾಗೇ ಸುರಿಯಬೇಡಿ. 1 ಲೀಟರ್ ಬಫರ್ ಫಾರ್ಮಲಿನ್‌ಗೆ ಲೆಕ್ಕ ಹೀಗೆ: ಬಾಟಲಿಯ ಫಾರ್ಮಾಲ್ಡಿಹೈಡ್ 100 ಮಿಲಿ, ಡಿಸ್ಟಿಲ್ಡ್ ವಾಟರ್ 900 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ನಮ್ಮ ಕಡೆಯ ಬೋರ್‌ವೆಲ್ ನೀರು ಇದಕ್ಕೆ ಬೇಡವೇ ಬೇಡ. ಗ್ಲೌಸ್ ಹಾಕಿ, ಕಿಟಕಿ ತೆರೆದಿಟ್ಟು ಮಾಡಿ. ಕಣ್ಣು ಉರಿಯುತ್ತದೆ.

ತುಂಡಿನ ಗಾತ್ರಕ್ಕಿಂತ ಫಾರ್ಮಲಿನ್ ಕನಿಷ್ಠ ಹತ್ತು ಪಟ್ಟು ಇರಬೇಕು. ಇಡೀ ಗರ್ಭಕೋಶವನ್ನು ಸಣ್ಣ ಡಬ್ಬಿಗೆ ತುರುಕಿ, ಮೇಲೆ ಎರಡು ಚಮಚ ಫಾರ್ಮಲಿನ್ ಹಾಕಿದರೆ ಅದು ಬರೀ ಮೇಲ್ಮೈಗೆ ತಾಗುತ್ತದೆ. ದ್ರವ ಒಳಗೆ ಇಳಿಯುವುದು ಬಹಳ ನಿಧಾನ, ಗಂಟೆಗೆ ಹೆಚ್ಚೆಂದರೆ 1 ಮಿಲಿಮೀಟರ್‌ನಷ್ಟು. ಆದ್ದರಿಂದ ದೊಡ್ಡ ಅಂಗವನ್ನು ಸೀಳಿ, ಹೋಳುಗಳ ನಡುವೆ ಗಾಜ್ ಇಟ್ಟು ಮುಳುಗಿಸಿ. ಅಂಚು ಮುಖ್ಯವಾದ ಕಡೆ ಸೀಳುವ ಮುಂಚೆ ಸರ್ಜನ್ ದಾರ ಕಟ್ಟಿ ಗುರುತು ಮಾಡಲಿ: ಚಿಕ್ಕ ದಾರ ಮೇಲಿನ ಅಂಚು, ಉದ್ದ ದಾರ ಪಕ್ಕದ ಅಂಚು, ಹೀಗೆ. ಅದನ್ನು ಫಾರಂನಲ್ಲಿ ಬರೆಯಲಿ.

ಸ್ತನದ ಗಡ್ಡೆಯಾದರೆ ಇನ್ನೂ ಎಚ್ಚರ ಬೇಕು. ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು. ಅದರಲ್ಲಿ 6 ಗಂಟೆಗಿಂತ ಕಡಿಮೆಯೂ ಇರಬಾರದು, 72 ಗಂಟೆಗಿಂತ ಜಾಸ್ತಿಯೂ ಇರಬಾರದು. ಈ ಮಿತಿ ಮೀರಿದರೆ ಮುಂದೆ ಮಾಡುವ ಇಆರ್, ಪಿಆರ್, ಹರ್-2 (ಯಾವ ಔಷಧ ನಾಟೀತು ಅಂತ ಹೇಳುವ) ಪರೀಕ್ಷೆಗಳನ್ನು ನಂಬುವಂತಿಲ್ಲ. ಶುಕ್ರವಾರ ಸಂಜೆ ಆಪರೇಷನ್ ಆಗಿ, ಡಬ್ಬಿ ಮಂಗಳವಾರ ಬಸ್ಸು ಹತ್ತಿದರೆ ಆ ಲೆಕ್ಕ ತಪ್ಪಿತು ಅಂತಲೇ. ಹಾಕಿದ ದಿನ, ಹೊತ್ತು ಎರಡನ್ನೂ ಡಬ್ಬಿ ಮೇಲೆ ಬರೆಯಿರಿ.

ಹೆಸರಿನ ಚೀಟಿ ಡಬ್ಬಿಯ ಮೈಗೆ ಅಂಟಿಸಿ, ಮುಚ್ಚಳಕ್ಕೆ ಬೇಡ. ಎರಡು ಡಬ್ಬಿ ತೆರೆದು ಮುಚ್ಚುವಾಗ ಮುಚ್ಚಳ ಅದಲುಬದಲಾದರೆ ರೋಗಿಗಳೂ ಅದಲುಬದಲಾದಂತೆ.

ಹಂತ 2: ಸೂಜಿ ಪರೀಕ್ಷೆಯ ಸ್ಲೈಡ್

ಕುತ್ತಿಗೆಯ ಗಂಟು, ಥೈರಾಯ್ಡ್, ಸ್ತನದ ಗಡ್ಡೆಗಳಿಗೆ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಜೀವಕೋಶ ಹೀರಿ ಸ್ಲೈಡ್ ಮೇಲೆ ಬಳಿಯುವ ಪರೀಕ್ಷೆ) ಮಾಡುವುದು ಜಾಸ್ತಿ. ಕೆಲವು ಸ್ಲೈಡ್‌ಗಳನ್ನು ಬಳಿದ ಕೂಡಲೇ, ಒಣಗುವ ಮುಂಚೆ, 95% ಆಲ್ಕೋಹಾಲ್‌ಗೆ ಇಳಿಸಿ. ಇವು ಪ್ಯಾಪ್ ಬಣ್ಣಕ್ಕೆ. ಇನ್ನು ಕೆಲವನ್ನು ಗಾಳಿಯಲ್ಲಿ ಬೇಗ ಒಣಗಿಸಿ. ಇವು ಗೀಮ್ಸಾ ಬಣ್ಣಕ್ಕೆ. ಸ್ಲೈಡ್ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ತೊಳೆದು ಹೋಗುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ ಎರಡು ಸಂಗತಿ ಇವೆ. ಒಣಗಿಸಿದ ಸ್ಲೈಡ್‌ಗಳನ್ನು ಫಾರ್ಮಲಿನ್ ಡಬ್ಬಿಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಫಾರ್ಮಲಿನ್ ಆವಿ ತಾಗಿದರೂ ಸಾಕು, ಗೀಮ್ಸಾ ಬಣ್ಣ ಸರಿಯಾಗಿ ಹಿಡಿಯಲ್ಲ. ಎರಡನೆಯದು, ಕುತ್ತಿಗೆ ಗಂಟಿನಿಂದ ಕೀವಿನಂಥದ್ದು ಬಂದು ಟಿಬಿ ಅನುಮಾನ ಇದ್ದರೆ ಸ್ವಲ್ಪವನ್ನು ಸಲೈನ್‌ನಲ್ಲಿ ತೆಗೆದಿಟ್ಟು ಸಿಬಿನಾಟ್ (ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ) ಪರೀಕ್ಷೆಗೆ ಕಳಿಸಿ. ಅದನ್ನು ಫಾರ್ಮಲಿನ್‌ಗೆ ಹಾಕಿದಿರೋ, ಆ ಪರೀಕ್ಷೆ ಕೈತಪ್ಪಿತು. ಟಿಬಿ ಹೌದೋ ಅಲ್ಲವೋ ಅಂತ ನನಗೆ ಹತ್ತು ಫೋಟೋ ಕಳಿಸುವುದಕ್ಕಿಂತ ಇದು ಬೇಗ ಆಗುತ್ತದೆ.

ಹಂತ 3: ಫಾರಂ

"ಗಡ್ಡೆ, ಬಯಾಪ್ಸಿಗಾಗಿ" ಅಂತ ಒಂದೇ ಸಾಲು ಬರೆದು ಬರುವ ಫಾರಂ ನೋಡಿದರೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಊರಲ್ಲೇ ಇದ್ದರೆ ವಾರ್ಡಿಗೆ ಹೋಗಿ ರೋಗಿಯನ್ನು ನೋಡಿ ಬರಬಹುದು. ದೂರದಲ್ಲಿ ಇರುವವನಿಗೆ ಫಾರಂ ಬಿಟ್ಟರೆ ಗತಿಯಿಲ್ಲ.

ವಯಸ್ಸು, ಗಂಡೋ ಹೆಣ್ಣೋ, ಎಡವೋ ಬಲವೋ, ಎಷ್ಟು ದಿನದಿಂದ ಇದೆ, ಎಷ್ಟು ಬೇಗ ಬೆಳೆಯಿತು, ನಿಮಗೆ ಏನು ಅನ್ನಿಸುತ್ತದೆ, ಇಷ್ಟು ಇರಲೇಬೇಕು. ಬಾಯಿಯ ಹುಣ್ಣಾದರೆ ಅಡಿಕೆ, ಗುಟ್ಕಾ, ತಂಬಾಕಿನ ಅಭ್ಯಾಸ ಬರೆಯಿರಿ. ಗರ್ಭಕೋಶದ ಒಳಪದರವಾದರೆ ಕೊನೆಯ ಮುಟ್ಟಿನ ದಿನ ಮತ್ತು ಹಾರ್ಮೋನ್ ಮಾತ್ರೆಗಳ ವಿವರ ಬೇಕು. ಮೂಳೆಯಾದರೆ ಎಕ್ಸ್‌ರೇ ಇಲ್ಲದೆ ರಿಪೋರ್ಟ್ ಕೇಳಲೇಬೇಡಿ. ಮೊದಲೇ ಕೀಮೋ ಅಥವಾ ರೇಡಿಯೇಷನ್ ಆಗಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಚಿಕಿತ್ಸೆಯಾದ ಮೇಲೆ ಒಳ್ಳೆಯ ಜೀವಕೋಶಗಳೂ ಕೆಟ್ಟವರ ವೇಷ ಹಾಕಿಕೊಳ್ಳುತ್ತವೆ.

ಹಂತ 4: ಗ್ರಾಸಿಂಗ್

ತುಂಡನ್ನು ಕಣ್ಣಿಂದ ನೋಡಿ, ಅಳೆದು, ಯಾವ ಭಾಗ ಬ್ಲಾಕ್‌ಗೆ ಹೋಗಬೇಕು ಅಂತ ಆರಿಸುವ ಕೆಲಸ ಇದು. ಇಡೀ ವ್ಯವಸ್ಥೆಯ ನಿಜವಾದ ಸೋರುವ ಜಾಗ ಇಲ್ಲೇ ಇದೆ. ಕ್ಯಾನ್ಸರ್ ಇರುವ ಭಾಗ ಡಬ್ಬಿಯಲ್ಲೇ ಉಳಿದು, ಪಕ್ಕದ ಒಳ್ಳೆಯ ಭಾಗ ಸ್ಲೈಡ್‌ಗೆ ಬಂದರೆ ಜಗತ್ತಿನ ಅತಿ ದೊಡ್ಡ ತಜ್ಞರೂ "ಕ್ಯಾನ್ಸರ್ ಇಲ್ಲ" ಅಂತಲೇ ಬರೆಯುತ್ತಾರೆ.

ಸಣ್ಣ ಬಯಾಪ್ಸಿಯಾದರೆ ಚಿಂತೆಯಿಲ್ಲ, ಪೂರ್ತಿ ಹಾಕಿದರಾಯಿತು. ದೊಡ್ಡ ಅಂಗಗಳಿಗೆ ವಿಡಿಯೋ ಕಾಲ್ ಇಟ್ಟುಕೊಳ್ಳಿ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೋರ್ಡಿನ ಮೇಲೆ ನೇರವಾಗಿ ಕಾಣುವಂತೆ ಇಡಿ. ಪಕ್ಕದಲ್ಲಿ ಸ್ಕೇಲ್ ಮತ್ತು ಲ್ಯಾಬ್ ನಂಬರ್ ಇರಲಿ. ಕತ್ತರಿಸುವ ಮುಂಚೆ ಒಂದು ಫೋಟೋ, ಸೀಳಿದ ಮೇಲೆ ಒಂದು ಫೋಟೋ, ಯಾವ ಚೂರು ಯಾವ ಬ್ಲಾಕ್‌ಗೆ ಹೋಯಿತು ಅಂತ ಗುರುತು ಹಾಕಿದ ಮತ್ತೊಂದು ಫೋಟೋ ತೆಗೆಯಿರಿ. ದೂರದವರು "ಆ ಬಿಳಿ ಭಾಗದಿಂದ ಇನ್ನೊಂದು ಚೂರು ತಗೊಳ್ಳಿ" ಅಂತ ಹೇಳಬಹುದು. ಉಳಿದದ್ದನ್ನು ರಿಪೋರ್ಟ್ ಬರುವ ತನಕ ಎಸೆಯಬೇಡಿ. ರಿಪೋರ್ಟ್ ಬಂದ ಮೇಲೂ ಕೆಲವು ವಾರ ಇಟ್ಟುಕೊಳ್ಳುವುದು ಜಾಣತನ.

ಹಂತ 5: ಬ್ಲಾಕ್, ಸೆಕ್ಷನ್, ಬಣ್ಣ

ಟೆಕ್ನೀಷಿಯನ್‌ಗಳಿಗೆ ಇದನ್ನೆಲ್ಲ ನಾನು ಕಲಿಸಬೇಕಾಗಿಲ್ಲ. ಚಿತ್ರಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಹೇಳುತ್ತೇನೆ. ಸೆಕ್ಷನ್, ಅಂದರೆ ಬ್ಲಾಕಿನಿಂದ ಕತ್ತರಿಸಿದ ತೆಳು ಪದರ, 3ರಿಂದ 4 ಮೈಕ್ರಾನ್ ಇರಲಿ. ದಪ್ಪವಾದರೆ ಜೀವಕೋಶಗಳು ಒಂದರ ಮೇಲೊಂದು ಬಿದ್ದು ಕ್ಯಾಮೆರಾ ಫೋಕಸ್ ಸಿಗಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಚಳ್ಳಕೆರೆ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ. ಬ್ಲಾಕ್‌ಗಳನ್ನು ಐಸ್ ಮೇಲಿಟ್ಟು ಬೆಳಗ್ಗೆಯೇ ಕತ್ತರಿಸಿ. ಸೆಕ್ಷನ್ ತೇಲಿಬಿಡುವ ನೀರಿನ ಮೇಲೆ ಧೂಳು ಕೂತರೆ ಅದೂ ಚಿತ್ರದಲ್ಲಿ ಬರುತ್ತದೆ.

ಹೆಮಟಾಕ್ಸಿಲಿನ್ ಬಣ್ಣ ಹಾಕಿದ ಮೇಲೆ ನೀಲಿ ಬರಿಸಲು ಕ್ಷಾರದ ನೀರು ಬೇಕು. ನಮ್ಮ ಗಡಸು ಬೋರ್‌ವೆಲ್ ನೀರು ಇಡೀ ಲ್ಯಾಬಿನಲ್ಲಿ ಉಪಯೋಗಕ್ಕೆ ಬರುವ ಒಂದೇ ಜಾಗ ಇದು. ಬಣ್ಣದ ದ್ರಾವಣಗಳನ್ನು ಸೋಸಿ, ಹಳತಾದರೆ ಬದಲಿಸಿ. ದಿನಾ ಒಂದು ಗೊತ್ತಿರುವ ಸ್ಲೈಡ್‌ಗೆ ಬಣ್ಣ ಹಾಕಿ ಹೋಲಿಸಿ ನೋಡಿ.

ಡಿಪಿಎಕ್ಸ್ ಅಂಟು ಕಡಿಮೆ ಹಾಕಿ. ಅದರ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್, ಸ್ಲೈಡಿನ ಅಂಚು ದಾಟಬಾರದು. ಒಂದು ರಾತ್ರಿ ಒಣಗಿದ ಮೇಲೆಯೇ ಸ್ಕ್ಯಾನರ್‌ಗೆ ಹಾಕಿ, ಇಲ್ಲದಿದ್ದರೆ ಒಳಗೆ ಸಿಕ್ಕಿಕೊಳ್ಳುತ್ತದೆ.

ಹಂತ 6: ಚಿತ್ರ ತೆಗೆಯುವುದು

ಇದಕ್ಕೆ ಮೂರು ದಾರಿ ಇವೆ: ಫೋನಿನ ಫೋಟೋ, ನೇರ ವಿಡಿಯೋ, ಇಡೀ ಸ್ಲೈಡ್ ಸ್ಕ್ಯಾನ್. ಚಿಕ್ಕ ಆಸ್ಪತ್ರೆಗೆ ನನ್ನ ಆಯ್ಕೆ ನೇರ ವಿಡಿಯೋ. ಯಾಕೆ ಅಂತ ಹೇಳುತ್ತೇನೆ.

ಫೋಟೋ ತೆಗೆಯುವಾಗ ಸ್ಲೈಡಿನ ಯಾವ ಭಾಗ ಮುಖ್ಯ ಅಂತ ಆರಿಸುವವರು ನೀವು. ಅದನ್ನು ಆರಿಸುವುದೇ ಪ್ಯಾಥಾಲಜಿಸ್ಟ್‌ನ ಅರ್ಧ ಕೆಲಸ, ಅಲ್ವಾ? ನೀವು ತೋರಿಸದ ಮೂಲೆ ನನ್ನ ಪಾಲಿಗೆ ಇಲ್ಲವೇ ಇಲ್ಲ. ಆದರೂ ಫೋಟೋ ದಾರಿಯಿಂದ ಕೆಲಸ ಆಗಿದೆ. 2000ದ ದಶಕದಲ್ಲಿ ಸೊಲೊಮನ್ ದ್ವೀಪಗಳ ಹೊನಿಯಾರಾ ಆಸ್ಪತ್ರೆಯವರು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ ರೂಪಿಸಿದ ಐಪಾತ್ ಎಂಬ ವೆಬ್ ವೇದಿಕೆ ಮೂಲಕ ಬಿಡಿ ಫೋಟೋಗಳನ್ನೇ ಕಳಿಸಿ ರಿಪೋರ್ಟ್ ಪಡೆಯುತ್ತಿದ್ದರು.

ಫೋಟೋನೇ ತೆಗೆಯುವುದಾದರೆ ಅಡಾಪ್ಟರ್ ಹಾಕಿ. ಕೈಯಲ್ಲಿ ಫೋನ್ ಹಿಡಿದರೆ ಅಲುಗಾಡುತ್ತದೆ. ಐಪೀಸ್ ಮತ್ತು ಫೋನ್ ಲೆನ್ಸ್ ಎರಡನ್ನೂ ಒರೆಸಿ. ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಲೆನ್ಸ್) ಮೇಲಕ್ಕೆ ತಂದು ಬೆಳಕು ಸಮವಾಗಿ ಹರಡುವಂತೆ ಮಾಡಿ. ಖಾಲಿ ಗಾಜಿನ ಜಾಗ ಪರದೆಯಲ್ಲಿ ಬೆಳ್ಳಗೆ ಕಾಣಬೇಕು, ಹಳದಿಯಾಗಿ ಅಲ್ಲ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಮೊದಲು ಇಡೀ ಸ್ಲೈಡನ್ನು ಬರಿಗಣ್ಣಿಗೆ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಆಮೇಲೆ 4ಎಕ್ಸ್‌ನಲ್ಲಿ ಎಲ್ಲಾ ತುಂಡುಗಳೂ ಬರುವಂತೆ, ಆಮೇಲೆ 10ಎಕ್ಸ್, ಕೊನೆಗೆ 40ಎಕ್ಸ್. ಬರೀ 40ಎಕ್ಸ್ ಫೋಟೋಗಳನ್ನು ಕಳಿಸಿದರೆ ಊರಿನ ನಕ್ಷೆ ಕೊಡದೆ ಮನೆ ಬಾಗಿಲು ಮಾತ್ರ ತೋರಿಸಿದ ಹಾಗೆ.

ನೇರ ವಿಡಿಯೋಗೆ ಮೂರು ಕಣ್ಣಿನ ಟ್ರೈನಾಕ್ಯುಲರ್ ಮೈಕ್ರೋಸ್ಕೋಪ್, ಕ್ಯಾಮೆರಾ, ಒಂದು ಲ್ಯಾಪ್‌ಟಾಪ್ ಬೇಕು. ಗೂಗಲ್ ಮೀಟ್‌ನಂಥದ್ದರಲ್ಲಿ ಸ್ಕ್ರೀನ್ ಶೇರ್ ಮಾಡಿದರೆ ಆಯಿತು. ಸ್ಲೈಡ್ ಸರಿಸುವ ಕೈ ನಿಮ್ಮದು, ನೋಡುವ ಕಣ್ಣು ನನ್ನದು. ನಿಧಾನವಾಗಿ ಸರಿಸಿ. ಚಿತ್ರ ನಿಂತ ಮೇಲೆ ಎರಡು ಸೆಕೆಂಡ್ ಕಾಯಿರಿ. ಮೊದಲ ದಿನಗಳಲ್ಲಿ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಸರ್, 10ಎಕ್ಸ್‌ನಲ್ಲಿ ಚೆನ್ನಾಗೇ ಕಾಣ್ತೈತಿ. 40ಕ್ಕೆ ಹಾಕಿದ್ರೆ ಮಂಜುಮಂಜು."

"ಲೆನ್ಸಿಗೆ ಎಣ್ಣೆ ತಾಗಿದೆಯಾ ನೋಡಿ."

"ಒರೆಸಿದೆ ಸರ್. ಹಂಗೇ ಐತಿ."

"ಹಂಗಾದ್ರೆ ಸ್ಲೈಡ್ ಮಗುಚಿ ಹಾಕಿದ್ದೀರಾ ನೋಡಿ."

"ಅಯ್ಯೋ, ಹೌದು ಸರ್!"

ಕವರ್‌ಸ್ಲಿಪ್ ಕೆಳಗಾದರೆ 40ಎಕ್ಸ್ ಲೆನ್ಸ್ ಅಷ್ಟು ದೂರದಿಂದ ಫೋಕಸ್ ಮಾಡಲಾರದು. ಹೊಸ ಕ್ಯಾಮೆರಾ ಬೇಕು ಅಂತ ಅರ್ಜಿ ಬರೆಯುವ ಮುಂಚೆ ಇದನ್ನೊಮ್ಮೆ ನೋಡಿಬಿಡಿ.

ಇಡೀ ಸ್ಲೈಡ್ ಸ್ಕ್ಯಾನರ್ ಎಲ್ಲಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ದುಬಾರಿ. ಜಿಲ್ಲಾ ಮಟ್ಟದ ಲ್ಯಾಬಿಗೆ, ದಿನಕ್ಕೆ ಹತ್ತಾರು ಸ್ಲೈಡ್ ಬರುವ ಕಡೆ ಮಾತ್ರ ಯೋಚಿಸಿ. 40ಎಕ್ಸ್ ಸ್ಕ್ಯಾನ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 0.25 ಮೈಕ್ರಾನ್. 15 ಮಿಲಿಮೀಟರ್ ಚೌಕದ ಒಂದು ತುಂಡಿಗೆ ಅಡ್ಡ 60,000, ಉದ್ದ 60,000, ಅಂದರೆ 360 ಕೋಟಿ ಪಿಕ್ಸೆಲ್ ಆಯಿತು. ಕುಗ್ಗಿಸದಿದ್ದರೆ 10 ಜಿಬಿ ದಾಟುತ್ತದೆ. ಕುಗ್ಗಿಸಿದ ಮೇಲೂ ನೂರಾರು ಎಂಬಿಯಿಂದ ಒಂದು ಜಿಬಿ ತನಕ ಬರಬಹುದು. 20ಎಕ್ಸ್‌ನಲ್ಲಿ ಮಾಡಿದರೆ ಪಿಕ್ಸೆಲ್ ಕಾಲು ಭಾಗಕ್ಕೆ ಇಳಿಯುತ್ತದೆ. ಎಷ್ಟೋ ಬಯಾಪ್ಸಿಗಳಿಗೆ ಅಷ್ಟು ಸಾಕು.

ಹಂತ 7: ಕಳಿಸುವುದು

10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ 1 ಜಿಬಿ ಫೈಲ್ ಹೋಗಲು ಸುಮಾರು 14 ನಿಮಿಷ ಬೇಕು. 20 ಸ್ಲೈಡ್ ಅಂದರೆ ನಾಲ್ಕೂವರೆ ಗಂಟೆ. ಕಂಪನಿಯವರು ಹೇಳುವ ಸ್ಪೀಡ್ ಸಾಮಾನ್ಯವಾಗಿ ಡೌನ್‌ಲೋಡ್‌ದು. ನೀವು ಅಪ್‌ಲೋಡ್ ಎಷ್ಟು ಅಂತ ಕೇಳಿ. ರಾತ್ರಿ ಹೊತ್ತು ಕಳಿಸಲು ಬಿಟ್ಟರೆ ಬೆಳಗ್ಗೆ ಆ ಕಡೆ ಸಿದ್ಧವಿರುತ್ತದೆ. ಮಧ್ಯೆ ಕರೆಂಟ್ ಹೋದರೆ ಮೊದಲಿಂದ ಶುರುವಾಗದೆ ನಿಂತಲ್ಲಿಂದಲೇ ಮುಂದುವರಿಯುವ ಸಾಫ್ಟ್‌ವೇರ್ ಇರಲಿ. ಸ್ಕ್ಯಾನರ್, ಕಂಪ್ಯೂಟರ್, ರೂಟರ್ ಮೂರಕ್ಕೂ ಯುಪಿಎಸ್ ಕೊಡಿ. ರೂಟರನ್ನು ಎಲ್ಲರೂ ಮರೆಯುತ್ತಾರೆ.

ಫೈಲ್ ತೆರೆದು ನೋಡಲು ಕ್ಯೂಪಾತ್‌ನಂಥ ಉಚಿತ ಸಾಫ್ಟ್‌ವೇರ್ ಇದೆ. ಬೇರೆ ಬೇರೆ ಕಂಪನಿಯ ಸ್ಕ್ಯಾನರ್‌ಗಳ ಫೈಲ್ ಅದರಲ್ಲಿ ತೆರೆಯುತ್ತವೆ. ಆದರೆ ಎಲ್ಲವೂ ಅಲ್ಲ. ಸ್ಕ್ಯಾನರ್ ಕೊಳ್ಳುವ ಮುಂಚೆ ಅದರ ಒಂದು ಸ್ಯಾಂಪಲ್ ಫೈಲ್ ತರಿಸಿ, ಓದುವವರ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ವಾಟ್ಸಾಪ್ ಬಗ್ಗೆ ಒಂದು ಮಾತು. ಎಲ್ಲರೂ ಅದರಲ್ಲೇ ಕಳಿಸುತ್ತಾರೆ, ನನಗೂ ಗೊತ್ತು. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ನಾಲ್ಕು ರೋಗಿಗಳ ಫೋಟೋ ಒಂದೇ ಸಾಲಿನಲ್ಲಿ ಬಂದು ಯಾರದ್ದು ಯಾವುದು ಅಂತ ಗೊತ್ತಾಗಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ, ಪ್ರತಿ ಫೈಲಿಗೂ ಲ್ಯಾಬ್ ನಂಬರ್ ಕೊಟ್ಟು ಕಳಿಸಿ. ಚಿತ್ರದಲ್ಲಿ ರೋಗಿಯ ಹೆಸರು, ಫೋನ್ ನಂಬರ್ ಇರಬಾರದು. ಸ್ಲೈಡಿನ ಚೀಟಿಯೂ ಸ್ಕ್ಯಾನ್ ಆಗುತ್ತದೆ, ನೆನಪಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಇದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ.

ಹಂತ 8: ಶುರು ಮಾಡುವ ಮುಂಚೆ ಪರೀಕ್ಷೆ

ಮೊದಲ ದಿನವೇ ನಿಜವಾದ ರಿಪೋರ್ಟ್ ಕೊಡಬೇಡಿ. ಅಮೆರಿಕದ ಪ್ಯಾಥಾಲಜಿಸ್ಟ್‌ಗಳ ಕಾಲೇಜು ಇದಕ್ಕೊಂದು ಕ್ರಮ ಹೇಳಿದೆ. ಕನಿಷ್ಠ 60 ಹಳೆಯ ಕೇಸ್ ತೆಗೆದುಕೊಳ್ಳಿ. ಒಬ್ಬರೇ ಪ್ಯಾಥಾಲಜಿಸ್ಟ್ ಅವನ್ನು ಒಮ್ಮೆ ಮೈಕ್ರೋಸ್ಕೋಪ್‌ನಲ್ಲಿ, ಒಮ್ಮೆ ಪರದೆಯಲ್ಲಿ ಓದಲಿ. ಎರಡರ ನಡುವೆ ಕನಿಷ್ಠ ಎರಡು ವಾರ ಇರಲಿ, ಇಲ್ಲದಿದ್ದರೆ ನೆನಪಿನಿಂದ ಹೇಳಿಬಿಡುತ್ತಾರೆ. ಎರಡೂ ರಿಪೋರ್ಟ್ 95% ಕೇಸ್‌ಗಳಲ್ಲಾದರೂ ಹೊಂದಬೇಕು. ಹೊಂದದ ಕೇಸ್‌ಗಳನ್ನು ಒಂದೊಂದಾಗಿ ಕೂತು ನೋಡಿ. ಚಿತ್ರ ಮಸುಕಾಗಿತ್ತೋ, ಬಣ್ಣ ಸರಿಯಿರಲಿಲ್ಲವೋ, ಕೇಸೇ ಕಷ್ಟದ್ದೋ ಅನ್ನುವುದು ಆಗ ಗೊತ್ತಾಗುತ್ತದೆ.

ಯಾವುದನ್ನು ಚಿತ್ರದಲ್ಲಿ ಓದಬಾರದು

ದಪ್ಪ ಬಳಿದ ಎಫ್‌ಎನ್‌ಎಸಿ ಸ್ಲೈಡ್‌ನಲ್ಲಿ ಜೀವಕೋಶಗಳು ಮೇಲೆ ಕೆಳಗೆ ಇರುತ್ತವೆ. ಸ್ಕ್ಯಾನರ್ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ಫೋಕಸ್ ಮಾಡುತ್ತದೆ. ಅದಕ್ಕೆ ನೇರ ವಿಡಿಯೋ ವಾಸಿ, ಫೋಕಸ್ ಮೇಲೆ ಕೆಳಗೆ ಮಾಡಿಸಬಹುದು. ಟಿಬಿ ಕ್ರಿಮಿ, ಹೊಟ್ಟೆಯ ಎಚ್ ಪೈಲೋರಿಯಂಥ ಸಣ್ಣ ಜೀವಿಗಳನ್ನು ಚಿತ್ರದಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಬರೆಯಬಾರದು. ಅಮಿಲಾಯ್ಡ್ (ಅಂಗಾಂಶದಲ್ಲಿ ಶೇಖರವಾಗುವ ಒಂದು ಬಗೆಯ ಪ್ರೋಟೀನ್) ಗುರುತಿಸಲು ಪೋಲರೈಸ್ಡ್ ಬೆಳಕು ಬೇಕು. ಸಾಮಾನ್ಯ ಸ್ಕ್ಯಾನರ್‌ನಲ್ಲಿ ಅದಿಲ್ಲ. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಅನುಮಾನವಿದ್ದರೆ ಬರೀ ಬಣ್ಣದ ಸ್ಲೈಡ್ ಸಾಲದು, ಐಎಚ್‌ಸಿ (ಜೀವಕೋಶದ ಪ್ರೋಟೀನ್‌ಗಳನ್ನು ಗುರುತಿಸುವ ವಿಶೇಷ ಪರೀಕ್ಷೆ) ಬೇಕೇ ಬೇಕು. ಬ್ಲಾಕನ್ನೇ ದೊಡ್ಡ ಲ್ಯಾಬಿಗೆ ಕಳಿಸಿ.

ರಿಪೋರ್ಟ್ ಮತ್ತು ಆಮೇಲೆ

ಓದುವವರಿಗೆ "ಇದು ನನಗೆ ಸರಿಯಾಗಿ ಕಾಣುತ್ತಿಲ್ಲ, ಸ್ಲೈಡ್ ಕಳಿಸಿ" ಅನ್ನುವ ಹಕ್ಕು ಇರಬೇಕು. ಕಳಿಸಿದ ಆಸ್ಪತ್ರೆ ಅದನ್ನು ಅವಮಾನ ಅಂದುಕೊಳ್ಳಬಾರದು. ಬಿಡಿ ಫೋಟೋ ನೋಡಿ ಹೇಳಿದ್ದನ್ನು ಅಭಿಪ್ರಾಯ ಅಂತಲೇ ಬರೆಯಿರಿ. ಸ್ತನ ತೆಗೆಯುವಂಥ ದೊಡ್ಡ ಆಪರೇಷನ್ ಅದರ ಮೇಲೆ ನಿಲ್ಲಬಾರದು. ಲ್ಯಾಬ್ ರಿಪೋರ್ಟ್‌ಗೆ ಪ್ಯಾಥಾಲಜಿ ಓದಿದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಚಿತ್ರ ತೆಗೆದವರ ಹೆಸರೂ ರಿಪೋರ್ಟ್‌ನಲ್ಲಿ ಇದ್ದರೆ ಒಳ್ಳೆಯದು.

ಕ್ಯಾನ್ಸರ್ ಅಂತ ಬಂದರೆ ಇಮೇಲ್ ಹಾಕಿ ಸುಮ್ನೆ ಕೂರಬೇಡಿ. ಕಳಿಸಿದ ಡಾಕ್ಟರಿಗೆ ಫೋನ್ ಮಾಡಿ, ಮಾಡಿದ ಹೊತ್ತನ್ನು ರಿಜಿಸ್ಟರ್‌ನಲ್ಲಿ ಬರೆಯಿರಿ. ಆ ರೋಗಿಯನ್ನು ಕರೆತರುವ ಕೆಲಸ ಆಶಾ ಕಾರ್ಯಕರ್ತೆಗೋ ವಾರ್ಡ್ ಸಿಸ್ಟರ್‌ಗೋ, ಯಾರಿಗಾದರೂ ಒಬ್ಬರಿಗೆ ಹೆಸರಿಟ್ಟು ಒಪ್ಪಿಸಿ. "ಎಲ್ಲರೂ ನೋಡಿಕೊಳ್ಳಿ" ಅಂದರೆ ಯಾರೂ ನೋಡಿಕೊಳ್ಳಲ್ಲ.

ಹತ್ತು ಕೇಸ್‌ಗೆ ಒಂದರಂತೆ ನಿಜವಾದ ಸ್ಲೈಡನ್ನು ತರಿಸಿ ಮತ್ತೆ ಓದಿ. ಇದಕ್ಕೆ ಬಸ್ ಪಾರ್ಸೆಲ್ ಸಾಕು. ಸ್ಲೈಡ್‌ಗಳನ್ನು ಗಟ್ಟಿ ಪೆಟ್ಟಿಗೆಯಲ್ಲಿ, ಬ್ಲಾಕ್‌ಗಳನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ. ಬೇಸಿಗೆಯಲ್ಲಿ ಬ್ಲಾಕ್ ಪಾರ್ಸೆಲ್ ಅನ್ನು ರಾತ್ರಿ ಬಸ್ಸಿಗೇ ಹಾಕಿ. ಎರಡನ್ನೂ ಒಂದೇ ದಿನ ಕಳಿಸಬೇಡಿ, ಒಂದು ಕಳೆದರೂ ಇನ್ನೊಂದು ಉಳಿದಿರಬೇಕು.